ಪ್ಯಾಚ್ ಯಾವ ಸೋರ್ಸಿಗೆ?

ಪ್ರಶ್ನೆ: ಶಾಲೆಯ ಲ್ಯಾಬಿನಲ್ಲಿ ಉಬುಂಟು ಆಧಾರಿತ ಕೈಟ್ ಗ್ನು/ಲಿನಕ್ಸ್ 22.04 ಇದೆ. ಯುಎಸ್‌ಬಿ ವೈಫೈ ಡಾಂಗಲಿಗಾಗಿ ಒಂದು ಕರ್ನೆಲ್ ಪ್ಯಾಚ್ (ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಸೋರ್ಸನ್ನು ತಿದ್ದುವ ಫೈಲ್) ಸಿಕ್ಕಿತು. ಕರ್ನೆಲ್ ಆವೃತ್ತಿ ನೋಡಲು ‘ಯುನೇಮ್ -ಆರ್’ ಕೊಟ್ಟಾಗ 5.15.0 ಎಂದು ಬಂದದ್ದರಿಂದ ಕರ್ನೆಲ್ ಡಾಟ್ ಆರ್ಗ್‌ನಿಂದ 5.15 ಸೋರ್ಸ್ ಇಳಿಸಿದೆ. ಪ್ಯಾಚ್ ಹಾಕಿದರೆ ಮೂರನೇ ಹಂಕ್ (ತಿದ್ದುಪಡಿಯ ಒಂದು ತುಂಡು) ‘ಫೇಲ್ಡ್’ ಎನ್ನುತ್ತಿದೆ. ಉಬುಂಟುವಿನ ಸೋರ್ಸೇ ಬೇಕೇ?
– ಶಿಕ್ಷಕರು, ಬದಿಯಡ್ಕ

ಉತ್ತರ: ದಾರಿ ತಪ್ಪಿಸಿದ್ದು ಆ ಕೊನೆಯ ಸೊನ್ನೆ. ಉಬುಂಟು 5.15.0 ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಂಡು ಸ್ಟೇಬಲ್ ಸರಣಿಯ (5.15.1, 5.15.2 ಹೀಗೆ ಬರುವ ಆವೃತ್ತಿಗಳ) ತಿದ್ದುಪಡಿಗಳನ್ನು ಒಳಗೆ ಸೇರಿಸುತ್ತಾ ಹೋಗುತ್ತದೆ. ನೀವು ಇಳಿಸಿದ್ದಾದರೋ 2021ರ ಅಕ್ಟೋಬರಿನ ಮೊದಲ 5.15. ನಿಮ್ಮ ಕರ್ನೆಲ್ ನಿಜಕ್ಕೂ ಯಾವ ಸ್ಟೇಬಲ್ ಆವೃತ್ತಿಗೆ ಸಮ ಎಂಬುದು ‘/ಪ್ರಾಕ್/ವರ್ಷನ್_ಸಿಗ್ನೇಚರ್’ ಫೈಲಿನ ಸಾಲಿನ ಕೊನೆಯಲ್ಲಿದೆ.

ಒಂದೇ ಡ್ರೈವರಿನ ಪ್ಯಾಚಾದರೆ ಉಬುಂಟು ಸೋರ್ಸನ್ನೇ ಹಿಡಿಯಿರಿ. ಕರ್ನೆಲ್ ಡಾಟ್ ಆರ್ಗ್‌ನ ಮೂಲ ಕರ್ನೆಲ್‌ನಲ್ಲಿ ಉಬುಂಟು ಸೇರಿಸಿದ ಆಪ್‌ಆರ್ಮರ್ (ಪ್ರೋಗ್ರಾಮುಗಳಿಗೆ ಕಡಿವಾಣ ಹಾಕುವ ಭದ್ರತಾ ವ್ಯವಸ್ಥೆ) ಪ್ಯಾಚುಗಳು ಇರುವುದಿಲ್ಲ. ಅದರ ಭದ್ರತಾ ಅಪ್‌ಡೇಟುಗಳೂ ಉಬುಂಟುವಿನ ಪ್ಯಾಕೇಜ್ ಸಾಧನ ‘ಆಪ್ಟ್’ ಮೂಲಕ ಬರುವುದಿಲ್ಲ, ಪ್ರತಿ ಸಲ ನೀವೇ ಕಂಪೈಲ್ ಮಾಡಬೇಕು. ಮಕ್ಕಳು ಬಳಸುವ ಯಂತ್ರಕ್ಕೆ ಅದು ಬೇಡ. ಪ್ಯಾಚ್ ಬರೆದವರು ಇಂಥದ್ದೇ ಮೂಲ ಆವೃತ್ತಿ ಎಂದು ಹೇಳಿದ್ದರೆ ಮಾತ್ರ ಆ ಆವೃತ್ತಿಯನ್ನೇ ತನ್ನಿ.

ರೆಪಾಸಿಟರಿ ಪಟ್ಟಿಯಲ್ಲಿ ‘ಡೆಬ್-ಎಸ್‌ಆರ್‌ಸಿ’ (ಸೋರ್ಸ್ ಪ್ಯಾಕೇಜಿನ) ಸಾಲುಗಳ ಮುಂದಿನ ‘#’ ತೆಗೆದು ‘ಆಪ್ಟ್ ಅಪ್‌ಡೇಟ್’ ಮಾಡಿ. ಆಮೇಲೆ ‘ಆಪ್ಟ್ ಸೋರ್ಸ್’ ಮುಂದೆ ‘ಲಿನಕ್ಸ್-ಇಮೇಜ್-ಅನ್‌ಸೈನ್ಡ್-’ ಎಂದು ಬರೆದು, ಅದಕ್ಕೆ ಅಂಟಿಸಿದಂತೆ ಯುನೇಮ್ ತೋರಿಸಿದ ಪೂರ್ತಿ ಹೆಸರು ಕೊಡಿ. ಸೋರ್ಸ್ ಫೋಲ್ಡರಿನೊಳಗೆ ಹೋಗಿ ‘ಪ್ಯಾಚ್ -ಪಿ1 --ಡ್ರೈ-ರನ್’ ಓಡಿಸಿ. ಇದರಿಂದ ಫೈಲುಗಳು ಬದಲಾಗುವುದಿಲ್ಲ, ಏನಾಗಲಿದೆ ಎಂದಷ್ಟೇ ತಿಳಿಯುತ್ತದೆ.

‘ಆಫ್‌ಸೆಟ್’ ಎಂದರೆ ಸಾಲುಗಳು ಮೇಲೆ ಕೆಳಗೆ ಸರಿದಿವೆ ಅಷ್ಟೆ, ಚಿಂತೆಯಿಲ್ಲ. ‘ಫಝ್’ ಎಂದರೆ ಸುತ್ತಲಿನ ಸಾಲುಗಳೂ ಪೂರ್ತಿ ಹೊಂದಿಲ್ಲ. ಆ ಜಾಗವನ್ನು ಎಡಿಟರಿನಲ್ಲಿ ತೆರೆದು ಕಣ್ಣಾರೆ ನೋಡಿ. ‘ರಿವರ್ಸ್ಡ್ ಆರ್ ಪ್ರೀವಿಯಸ್ಲಿ ಅಪ್ಲೈಡ್’ ಎಂದು ಬಂದರೆ ಹೆಚ್ಚಾಗಿ ಆ ತಿದ್ದುಪಡಿಯನ್ನು ಉಬುಂಟು ಈಗಾಗಲೇ ಸೇರಿಸಿರುತ್ತದೆ. ಆಗ ಕೇಳುವ ಪ್ರಶ್ನೆಗೆ ‘ವೈ’ ಒತ್ತಲೇಬೇಡಿ, ನಿಜವಾದ ಓಟದಲ್ಲಿ ಒತ್ತಿದರೆ ಇರುವ ತಿದ್ದುಪಡಿಯೇ ಕಿತ್ತುಹೋಗುತ್ತದೆ. ‘ಫೇಲ್ಡ್’ ಆದ ಹಂಕನ್ನು ಮಾತ್ರ, ನಿಜವಾಗಿ ಓಡಿಸಿದ ಮೇಲೆ ಸಿಗುವ ‘.ರೆಜ್’ ಫೈಲ್ ನೋಡಿ ಕೈಯಿಂದ ಸೇರಿಸಬೇಕು.

ಮೂಲ ಕರ್ನೆಲ್ಲೇ ಬೇಕಾದಾಗ ಉಬುಂಟುವಿನ ಕಾನ್ಫಿಗ್ (ಕರ್ನೆಲ್ ಆಯ್ಕೆಗಳ ಫೈಲ್) ನಕಲು ಮಾಡಿದರೆ, ‘ಕೆನಾನಿಕಲ್-ಸರ್ಟ್ಸ್.ಪೆಮ್’ ಎಂಬ ಪ್ರಮಾಣಪತ್ರದ ಫೈಲ್ ಇಲ್ಲವೆಂದು ಬಿಲ್ಡ್ ನಿಲ್ಲುತ್ತದೆ. ಕಾನ್ಫಿಗ್‌ನಲ್ಲಿ ‘ಸಿಸ್ಟಂ ಟ್ರಸ್ಟೆಡ್ ಕೀಸ್’, ‘ಸಿಸ್ಟಂ ರಿವೊಕೇಶನ್ ಕೀಸ್’ ಎರಡನ್ನೂ ಖಾಲಿ ಮಾಡಿ. ‘ಡಿಬಗ್ ಇನ್ಫೋ’ ಆಫ್ ಮಾಡಿದರೆ ಡಿಸ್ಕಿನಲ್ಲಿ ಬಹಳಷ್ಟು ಜಾಗ ಉಳಿಯುತ್ತದೆ. ನೀವೇ ಕಟ್ಟಿದ ಕರ್ನೆಲ್‌ಗೆ ಉಬುಂಟು ಕಂಪನಿ ಕೆನಾನಿಕಲ್‌ನ ಸಹಿ ಇಲ್ಲದ್ದರಿಂದ ಸೆಕ್ಯೂರ್ ಬೂಟ್ (ಸಹಿಯಿದ್ದುದನ್ನಷ್ಟೇ ಬೂಟ್ ಮಾಡುವ ವ್ಯವಸ್ಥೆ) ಆನ್ ಇದ್ದರೆ ಅದು ಬೂಟ್ ಆಗದು. ಹಳೆಯ ಕರ್ನೆಲನ್ನು ಅಳಿಸದೆ, ಬೂಟ್ ಆಗುವಾಗ ಕರ್ನೆಲ್ ಆಯ್ಕೆಗೆ ಬರುವ ಗ್ರಬ್ ಮೆನುವಿನಲ್ಲಿ ಉಳಿಸಿಕೊಳ್ಳಿ.

ಪ್ರಶ್ನೆ: ಲಿನಕ್ಸ್‌ಸಿಎನ್‌ಸಿಯಲ್ಲಿ (ಯಂತ್ರ ನಿಯಂತ್ರಿಸುವ ಸಾಫ್ಟ್‌ವೇರ್) ಓಡುವ ಮಿಲ್ಲಿಂಗ್ ಯಂತ್ರಕ್ಕೆ ರಿಯಲ್‌ಟೈಮ್ ಪ್ಯಾಚ್ (ಕರ್ನೆಲ್ ತಡಮಾಡದೆ ಹೊತ್ತಿಗೆ ಸರಿಯಾಗಿ ಸ್ಪಂದಿಸುವಂತೆ ಮಾಡುವುದು) ಈಗಲೂ ಹಾಕಬೇಕೇ?
– ವರ್ಕ್‌ಶಾಪ್ ಮಾಲೀಕರು, ಮಂಜೇಶ್ವರ

ಉತ್ತರ: 2024ರ 6.12 ಆವೃತ್ತಿಯಿಂದ ಅದು ಮೂಲ ಕರ್ನೆಲ್‌ನಲ್ಲೇ ಇದೆ. ಕರ್ನೆಲ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ನಲ್ಲಿ ಮೊದಲು ‘ಎಕ್ಸ್‌ಪರ್ಟ್’ ಆನ್ ಮಾಡಿ, ಇಲ್ಲವಾದರೆ ರಿಯಲ್‌ಟೈಮ್ ಆಯ್ಕೆ ಕಾಣಿಸುವುದೇ ಇಲ್ಲ. ಹಳೆಯ ಆವೃತ್ತಿಯಾದರೆ ಪ್ಯಾಚ್ ಫೈಲಿನ ಹೆಸರಿನಲ್ಲಿರುವ ಮೂರೂ ಅಂಕಿಗಳು ಹೊಂದುವ ಮೂಲ ಸೋರ್ಸೇ ಬೇಕು.