ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಲೆನ್ಸ್ ಕೊಂಡೆ, ಒಳಗೆ ಬೂಷ್ಟು ಕಾಣುತ್ತಿದೆ. ಬಿಸಿಲಿಗಿಟ್ಟರೆ ಹೋಗುತ್ತದೆಯೇ?

ಹೋಗುವುದಿಲ್ಲ. ತೇವ ಆರಿದರೆ ಬೆಳೆಯುವುದು ನಿಲ್ಲಬಹುದು, ಆದರೆ ಗಾಜಿನ ಮೇಲೆ ಹಬ್ಬಿದ ಎಳೆಗಳು ಅಲ್ಲೇ ಉಳಿಯುತ್ತವೆ. ಲೆನ್ಸ್ ಬಿಚ್ಚಿ ಒರೆಸಿದರೆ ಮಾತ್ರ ಹೋಗುವುದು. ಬಿಸಿಲಿಗೆ ಒಳಗಿನ ಗ್ರೀಸ್ ಕರಗಿ, ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡ್‌ಗೆ ಹರಿದರಂತೂ ಇನ್ನೊಂದು ಖರ್ಚು.

ಬೂಷ್ಟಿಗೆ ಆಹಾರ ಗಾಜಲ್ಲ, ಅದರ ಮೇಲಿನ ಧೂಳು ಮತ್ತು ಜಿಡ್ಡು. ಗಾಳಿಯ ತೇವಾಂಶ ಶೇ. 60-70 ದಾಟಿದರೆ ಸಾಕು, ಚಿಗುರುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಶೇ. 80 ದಾಟುವುದು ಮಾಮೂಲು. ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಿದು. ಬೆಳೆಯುತ್ತಾ ಅದು ಆಮ್ಲ ಬಿಡುತ್ತದೆ. ಆ ಆಮ್ಲ ಮೊದಲು ಗಾಜಿನ ಮೇಲಿನ ತೆಳು ಲೇಪವಾದ ಕೋಟಿಂಗನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಆ ಗುರುತು ಎಷ್ಟು ಒರೆಸಿದರೂ ಹೋಗದು, ಹಾಗಾಗಿ ತಡಮಾಡಬೇಡಿ.

ಅಪರ್ಚರ್ ಪೂರ್ತಿ ತೆರೆದು, ಹಿಂಬದಿಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಧೂಳಾದರೆ ಬಿಡಿ ಚುಕ್ಕೆ. ಬೂಷ್ಟಾದರೆ ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆ, ಹೆಚ್ಚಾಗಿ ಅಂಚಿನಿಂದ ಒಳಕ್ಕೆ. ಅಂಚಿನಲ್ಲಷ್ಟೇ ಇದ್ದರೆ ಫೋಟೋದಲ್ಲಿ ಕಾಣುವುದು ಅಪರೂಪ; ಹೆಚ್ಚಿದ್ದರೆ ಬೆಳಕಿಗೆದುರಾಗಿ ತೆಗೆದ ಚಿತ್ರ ಮಂಕಾಗುತ್ತದೆ. ರಿಪೇರಿಯವರಿಗೆ ಕೊಡುವ ಮೊದಲು ಖರ್ಚು ಕೇಳಿ. ಕ್ಯಾಮೆರಾ ಜೊತೆಗೇ ಬರುವ ಅಗ್ಗದ ಕಿಟ್ ಲೆನ್ಸ್ ಆದರೆ ಆ ದುಡ್ಡಿಗೆ ಇನ್ನೊಂದೇ ಬರಬಹುದು.

ಆಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು, ತೇವಾಂಶ ತೋರಿಸುವ ಸಣ್ಣ ಹೈಗ್ರೋಮೀಟರ್ ಸಾಕು. ಅದು ಶೇ. 40-50 ತೋರಿಸುತ್ತಿರಲಿ. ತೇವ ಹೀರಿ ಬಣ್ಣ ಬದಲಾದ ಜೆಲ್ಲನ್ನು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆ ಮಾತ್ರ ಮತ್ತೆ ಅಡುಗೆಗೆ ಬೇಡ.