ಹಣ ಕಡಿಮೆ ಇರುವಾಗ ಹೆಡ್‌ಫೋನ್, ಆಂಪ್ಲಿಫೈಯರ್, ಈಕ್ವಲೈಸರ್ ಮೂರನ್ನೂ ಕೊಳ್ಳಬೇಕೇ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಕೈಯಲ್ಲಿರುವ ಹಣ ಸ್ವಲ್ಪವೇ, ಅದನ್ನು ಮೂರು ಪಾಲು ಮಾಡಿ ಒಂದು ಹೆಡ್‌ಫೋನ್, ಅದಕ್ಕೆ ಹೆಚ್ಚು ಶಕ್ತಿ ಕೊಡುವ ಒಂದು ಆಂಪ್ಲಿಫೈಯರ್ (ಆಂಪ್), ನಾದದ ಸಮತೋಲ ತಿದ್ದುವ ಒಂದು ಈಕ್ವಲೈಸರ್ ಪೆಟ್ಟಿಗೆ ಕೊಳ್ಳಬೇಕೆಂದಿದ್ದೀರಿ. ಹಾಡು ಕೇಳುವುದು ಫೋನ್ ಮತ್ತು ಲ್ಯಾಪ್‌ಟಾಪ್‌ನಿಂದ, ಅದೂ ರಾತ್ರಿ, ಪಕ್ಕದಲ್ಲಿ ಬೇರೆಯವರು ಮಲಗಿರುವಾಗ. ಹೆಡ್‌ಫೋನ್‌ಗಳ ಪೈಕಿ ಬೈಯರ್‌ಡೈನಮಿಕ್ ಡಿಟಿ 770 ಪ್ರೊ ನಿಮ್ಮ ಮನಸ್ಸಿನಲ್ಲಿದೆ, ಆದರೆ ಅದು 32, 80, 250 ಓಮ್ ಎಂಬ ಮೂರು ಬಗೆಗಳಲ್ಲಿ ಬರುವುದರಿಂದ ಯಾವುದನ್ನು ಆರಿಸಬೇಕೆಂದು ತಿಳಿಯುತ್ತಿಲ್ಲ. 250 ಓಮ್‌ನದೇ ಶ್ರೇಷ್ಠ, ಅದಕ್ಕೆ ಆಂಪ್ ಬೇಕೇ ಬೇಕು ಎಂದು ಎಲ್ಲೋ ಓದಿದ್ದೀರಿ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಣವನ್ನು ಪಾಲು ಮಾಡಬೇಡಿ, ಇರುವುದನ್ನೆಲ್ಲ ಹೆಡ್‌ಫೋನ್‌ಗೇ ಹಾಕಿ. ಈಕ್ವಲೈಸರ್ ಉಚಿತ ಸಾಫ್ಟ್‌ವೇರ್ ಆಗಿ ಸಿಗುತ್ತದೆ, ಆಂಪ್ ಬೇಕೋ ಬೇಡವೋ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ತಿಳಿಯಬಹುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ನನ್ನ ಹಳೆಯ ಹೆಡ್‌ಫೋನ್‌ನ ಬೇಸ್, ಅಂದರೆ ತಗ್ಗಿನ ನಾದ, ತೆಳುವಾಗಿ ಕೇಳುತ್ತಿತ್ತು. ಅದಕ್ಕೆ ಶಕ್ತಿ ಸಾಲುತ್ತಿಲ್ಲ ಎಂದುಕೊಂಡು ತಿಂಗಳುಗಟ್ಟಲೆ ಉಳಿಸಿದ ಹಣದಲ್ಲಿ ಒಂದು ಆಂಪ್ ಕೊಂಡೆ. ಮೊದಲ ದಿನ ಎಲ್ಲವೂ ಅದ್ಭುತವೆನಿಸಿತು. ಮರುದಿನ ಎರಡೂ ಕಡೆಯ ಧ್ವನಿಮಟ್ಟವನ್ನು ಎಚ್ಚರದಿಂದ ಒಂದೇ ಸಮ ಮಾಡಿ ಹೋಲಿಸಿದಾಗ ಆಂಪ್ ಯಾವುದು, ಲ್ಯಾಪ್‌ಟಾಪ್ ಯಾವುದು ಎಂದು ಗುರುತಿಸಲು ನನಗೆ ಸಾಧ್ಯವಾಗಲಿಲ್ಲ. ಮೊದಲ ದಿನ ನಾನು ಮೆಚ್ಚಿದ್ದು ಹೆಚ್ಚಿದ ಸದ್ದನ್ನು. ಬೇಸ್ ತೆಳುವಾಗಿದ್ದ ನಿಜವಾದ ಕಾರಣ ಬೇರೆಯೇ ಇತ್ತು, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಲೆಕ್ಕ. ಹೆಡ್‌ಫೋನ್‌ನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಓಮ್‌ಗಳಲ್ಲಿ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ 1 ಮಿಲಿವ್ಯಾಟ್ ಶಕ್ತಿ ಕೊಟ್ಟಾಗ ಅದು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬುದು. ಶಕ್ತಿ ತಿಳಿಯಲು ವೋಲ್ಟೇಜನ್ನು ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ಸಾಕು. ಶಕ್ತಿ ಎರಡರಷ್ಟಾದರೆ 3 ಡೆಸಿಬೆಲ್, ಹತ್ತರಷ್ಟಾದರೆ 10 ಡೆಸಿಬೆಲ್ ಏರುತ್ತದೆ. ಈಗ ನಿಮ್ಮ ಹೆಡ್‌ಫೋನ್‌ನ ಸೆನ್ಸಿಟಿವಿಟಿ ಮೂರೂ ಬಗೆಗಳಲ್ಲಿ 96 ಎಂದಿಟ್ಟುಕೊಳ್ಳೋಣ. ಹೆಡ್‌ಫೋನ್ ಜೋಡಿಸಲು ಫೋನಿಗೆ ಸಿಕ್ಕಿಸುವ ಚಿಕ್ಕ ಯುಎಸ್‌ಬಿ-ಸಿ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ ಎಂದು ಹಿಡಿಯೋಣ. ಆಗ 32 ಓಮ್‌ನದಕ್ಕೆ ಸುಮಾರು 31 ಮಿಲಿವ್ಯಾಟ್ ಸಿಕ್ಕಿ ಸದ್ದು 111 ಡೆಸಿಬೆಲ್‌ವರೆಗೆ ಹೋಗುತ್ತದೆ. 80 ಓಮ್‌ನದಕ್ಕೆ 12.5 ಮಿಲಿವ್ಯಾಟ್, 107 ಡೆಸಿಬೆಲ್. 250 ಓಮ್‌ನದಕ್ಕೆ 4 ಮಿಲಿವ್ಯಾಟ್ ಮಾತ್ರ, 102 ಡೆಸಿಬೆಲ್.

ಇವು ಸಂಗೀತದ ಕ್ಷಣಿಕ ಏರುಗಳಿಗೆ ದೊರೆಯುವ ಗರಿಷ್ಠ ಮಟ್ಟಗಳು. ನೆಮ್ಮದಿಯಾಗಿ ಕೇಳುವವರ ಸರಾಸರಿ ಮಟ್ಟ 70ರಿಂದ 75 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ, ಏರುಗಳು ಅದಕ್ಕಿಂತ 15-20 ಡೆಸಿಬೆಲ್ ಮೇಲಕ್ಕೆ ಹಾರುತ್ತವೆ. ಅಂದರೆ 95 ಡೆಸಿಬೆಲ್ ಸಿಕ್ಕರೆ ದಿನನಿತ್ಯದ ಆಲಿಕೆಗೆ ಸಾಕು. ಮೆಲ್ಲಗೆ ಧ್ವನಿಮುದ್ರಿಸಿದ ವಾದ್ಯಸಂಗೀತಕ್ಕಾಗಿ ಇನ್ನೊಂದಿಷ್ಟು ಮಿಕ್ಕಿದ್ದರೆ ಒಳ್ಳೆಯದು. ಹಾಗಾಗಿ 250 ಓಮ್‌ನದಕ್ಕೆ ಆಂಪ್ ಇಲ್ಲದೆ ನಡೆಯುವುದೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಆದರೆ ಅದರಲ್ಲಿ ಮಿಕ್ಕುವುದು ಕಡಿಮೆ ಎಂಬುದು ನಿಜ.

ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಕೆಲವು ತಯಾರಕರು ಸೆನ್ಸಿಟಿವಿಟಿಯನ್ನು 1 ಮಿಲಿವ್ಯಾಟ್‌ಗೆ ಬದಲಾಗಿ 1 ವೋಲ್ಟ್‌ಗೆ ಅಳೆದು ಬರೆಯುತ್ತಾರೆ. 32 ಓಮ್‌ನ ಹೆಡ್‌ಫೋನ್‌ನಲ್ಲಿ ಈ ಎರಡು ಅಳತೆಗಳ ನಡುವೆ ಸುಮಾರು 15 ಡೆಸಿಬೆಲ್ ವ್ಯತ್ಯಾಸವಿರುತ್ತದೆ, ಆದ್ದರಿಂದ ಯಾವ ಅಳತೆ ಎಂದು ನೋಡದೆ ಎರಡು ಹೆಡ್‌ಫೋನ್‌ಗಳನ್ನು ಹೋಲಿಸಬೇಡಿ. ಹಾಗೆಯೇ ಎಲ್ಲ ಡಾಂಗಲ್‌ಗಳೂ ಒಂದೇ ಅಲ್ಲ. ಆ್ಯಪಲ್‌ನ ಡಾಂಗಲ್ಲನ್ನೇ ತೆಗೆದುಕೊಂಡರೆ, ಯೂರೋಪಿನಲ್ಲಿ ಮಾರುವ ಆವೃತ್ತಿಯ ವೋಲ್ಟೇಜ್ ಬೇರೆಡೆಯದರ ಅರ್ಧದಷ್ಟು, ಮತ್ತು ಕೆಲವು ಆಂಡ್ರಾಯ್ಡ್ ಫೋನ್‌ಗಳಿಗೆ ಸಿಕ್ಕಿಸಿದಾಗ ಅದು ಪೂರ್ಣ ಮಟ್ಟಕ್ಕೆ ಏರುವುದೇ ಇಲ್ಲ.

ಇನ್ನು ಆಂಪ್ ಕೊಳ್ಳುವವರು ಶಕ್ತಿಯ ಜೊತೆಗೆ ನೋಡಲೇಬೇಕಾದದ್ದು ಅದರ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಹೊರಬರುವ ಕಡೆಯಲ್ಲಿ ಆಂಪ್ ತಾನೇ ಒಡ್ಡುವ ತಡೆ. ಅದು ಹೆಡ್‌ಫೋನ್‌ನ ಇಂಪಿಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ರೂಢಿಯ ನಿಯಮ, ಅಂದರೆ 32 ಓಮ್‌ನದಕ್ಕೆ 4 ಓಮ್ ಅಥವಾ ಅದಕ್ಕಿಂತ ಕಡಿಮೆ. ಹಳೆಯ ಸ್ಟೀರಿಯೊ ರಿಸೀವರ್‌ಗಳ ಹೆಡ್‌ಫೋನ್ ಜ್ಯಾಕ್‌ಗಳಲ್ಲಿ ಅದು ನೂರು ಓಮ್ ದಾಟುವುದೂ ಉಂಟು. ಅಂಥದ್ದಕ್ಕೆ ಸಿಕ್ಕಿಸಿದಾಗ ಬೇಸ್ ಉಬ್ಬಿಕೊಂಡು ಮಂಕಾಗುತ್ತದೆ, ಕೇಳುವವರು ಅದನ್ನು ಆಂಪ್‌ನ ಬೆಚ್ಚನೆಯ ನಾದವೆಂದು ಮೆಚ್ಚಿಕೊಳ್ಳುವುದೂ ಉಂಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಡ್‌ಫೋನನ್ನು ಹೇಗೆ ಆರಿಸಬೇಕೆಂದರೆ, ಈಕ್ವಲೈಸರ್‌ನಿಂದ ಯಾವುದನ್ನು ಸರಿಪಡಿಸಲು ಆಗುವುದಿಲ್ಲವೋ ಅದನ್ನು ಹಣ ಕೊಟ್ಟು ಕೊಳ್ಳಬೇಕು. ತಲೆಯ ಮೇಲಿನ ಒತ್ತಡ, ಎರಡು ಗಂಟೆ ಹಾಕಿಕೊಂಡರೂ ಕಿವಿ ನೋಯದಿರುವುದು, ಹೊರಗಿನ ಸದ್ದನ್ನು ತಡೆಯುವುದು, ಒಳಗಿನ ಸದ್ದು ಪಕ್ಕದವರಿಗೆ ಸೋರದಿರುವುದು, ಪ್ಯಾಡ್ ಮತ್ತು ಕೇಬಲ್ ಸವೆದಾಗ ಬದಲಿ ಸಿಗುವುದು, ಇವು ಯಾವುವೂ ಸಾಫ್ಟ್‌ವೇರ್‌ನಲ್ಲಿಲ್ಲ. ನೀವು ಮಲಗಿದವರ ಪಕ್ಕದಲ್ಲಿ ಕೇಳುವುದರಿಂದ ಓಪನ್ ಬ್ಯಾಕ್ ಬಗೆಯದನ್ನು, ಅಂದರೆ ಬಟ್ಟಲಿನ ಹಿಂಭಾಗ ತೆರೆದಿರುವುದನ್ನು, ಬಿಟ್ಟುಬಿಡಿ. ಅದರ ನಾದ ಎಷ್ಟೇ ವಿಶಾಲವಾಗಿದ್ದರೂ ಅದು ಇಡೀ ಕೋಣೆಗೆ ಕೇಳುತ್ತದೆ. ಮುಚ್ಚಿದ ಬೆನ್ನಿನದೇ ನಿಮಗೆ ಸರಿ, ಆ ಮಟ್ಟಿಗೆ ನಿಮ್ಮ ಆಯ್ಕೆ ಚೆನ್ನಾಗಿದೆ.

ಮುಚ್ಚಿದ ಬೆನ್ನಿನ ಹೆಡ್‌ಫೋನ್‌ನಲ್ಲಿ ಬೇಸ್ ನಿಂತಿರುವುದು ಪ್ಯಾಡ್ ತಲೆಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದರ ಮೇಲೆ. ನನ್ನ ಹಳೆಯ ಹೆಡ್‌ಫೋನ್‌ನ ರೋಗವೂ ಅದೇ ಆಗಿತ್ತು. ನಾನು ಕನ್ನಡಕ ಹಾಕುವವನು. ಕನ್ನಡಕದ ಕಡ್ಡಿ ಕಿವಿಯ ಮುಂದೆ ಪ್ಯಾಡನ್ನು ಒಂದಿಷ್ಟು ಎತ್ತಿ ಹಿಡಿದು ಸಣ್ಣ ಸಂದು ಮಾಡುತ್ತಿತ್ತು, ಮೇಲಾಗಿ ಪ್ಯಾಡ್‌ನ ಒಳಗಿನ ಸ್ಪಂಜು ಹಳತಾಗಿ ಗಟ್ಟಿಯಾಗಿತ್ತು. ಒಂದು ದಿನ ಹಾಡು ನಡೆಯುತ್ತಿರುವಾಗ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿದೆ. ಅಲ್ಲಿಯವರೆಗೆ ಬರೀ ತಟ್ಟಿದಂತೆ ಕೇಳುತ್ತಿದ್ದ ಡ್ರಮ್ಮಿಗೆ ಒಡಲು ಬಂತು, ಬೇಸ್ ಗಿಟಾರ್‌ನ ಒಂದೊಂದು ಸ್ವರವೂ ಬೇರೆಬೇರೆಯಾಗಿ ಕೇಳಿಸಿತು. ಕೈ ತೆಗೆದೆ, ಎಲ್ಲವೂ ಮಾಯ. ಹೊಸ ಪ್ಯಾಡ್ ಮತ್ತು ತೆಳುವಾದ ಕಡ್ಡಿಯ ಕನ್ನಡಕ ಸೇರಿ ಆ ದೋಷವನ್ನು ಕಳೆದವು. ಆಂಪ್‌ಗೆ ಖರ್ಚು ಮಾಡಿದ್ದರ ಒಂದು ಚೂರು ಪ್ಯಾಡ್‌ಗೆ ಸಾಕಾಗಿತ್ತು. ನೀವು ಕೊಳ್ಳುವಾಗ, ಅದರಲ್ಲೂ ಬಳಸಿದ್ದನ್ನು ಕೊಳ್ಳುವಾಗ, ಈ ಅಂಗೈ ಪರೀಕ್ಷೆಯನ್ನು ತಪ್ಪದೆ ಮಾಡಿ.

ಬೆಲೆ ಹೆಚ್ಚಾದಷ್ಟೂ ನಾದ ಸರಿಯಾಗಿರುತ್ತದೆ ಎಂಬ ಭಯವನ್ನು ಬಿಡಿ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ, ಆವರ್ತನ ಪ್ರತಿಕ್ರಿಯೆಗೂ, ಅಂದರೆ ತಗ್ಗಿನ ಬೇಸ್‌ನಿಂದ ಮೇಲಿನ ಟ್ರೆಬಲ್‌ವರೆಗಿನ ಸಮತೋಲಕ್ಕೂ, ಮಾರಾಟದ ಬೆಲೆಗೂ ಸಂಬಂಧವಿಲ್ಲವೆಂದು ಪ್ರಕಟಿಸಿದರು. ಹಣ ಕಡಿಮೆ ಇರುವವರಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಇಲ್ಲ. 1984ರಲ್ಲಿ ಬಂದ ಕಾಸ್ ಪೋರ್ಟಾ ಪ್ರೊ ಎಂಬ ಪುಟ್ಟ ಹೆಡ್‌ಫೋನನ್ನು ಜನ ಇಂದಿಗೂ ಹುಡುಕಿಕೊಂಡು ಹೋಗುವುದು ಅದರ ಬೆಲೆ ಹೆಚ್ಚೆಂಬ ಕಾರಣಕ್ಕೆ ಅಲ್ಲವಷ್ಟೇ.

ಆ ಸಮತೋಲವನ್ನು ತಿದ್ದುವುದೇ ಈಕ್ವಲೈಸರ್‌ನ ಕೆಲಸ, ಅದಕ್ಕೆ ಪ್ರತ್ಯೇಕ ಪೆಟ್ಟಿಗೆಯ ಅಗತ್ಯ ನಿಮಗೆ ಇಲ್ಲ. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ, ಲಿನಕ್ಸ್‌ನಲ್ಲಿ ಈಸಿ ಎಫೆಕ್ಟ್ಸ್, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಇವೆ. ಆಟೋ ಇಕ್ಯೂ ಎಂಬ ಮುಕ್ತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗಳಿಗೆ ಸಿದ್ಧ ತಿದ್ದುಪಡಿಗಳು ಸಿಗುತ್ತವೆ. ಇವುಗಳಲ್ಲಿ ಬಹುಪಾಲು, ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಆಲಿಕೆಯ ಪ್ರಯೋಗಗಳಿಂದ ರೂಪಿಸಿದ ಗುರಿರೇಖೆಯನ್ನು ಅನುಸರಿಸುತ್ತವೆ. ಒಳ್ಳೆಯ ಸ್ಪೀಕರ್‌ಗಳು ಒಂದು ಒಳ್ಳೆಯ ಕೋಣೆಯಲ್ಲಿ ಹೇಗೆ ಕೇಳುತ್ತವೆಯೋ ಅದಕ್ಕೆ ಹತ್ತಿರವಿರುವ ನಾದವನ್ನು ಹೆಚ್ಚಿನ ಕೇಳುಗರು ಮೆಚ್ಚುತ್ತಾರೆ ಎಂಬುದು ಆ ರೇಖೆಯ ತಿರುಳು. ಸಿದ್ಧ ತಿದ್ದುಪಡಿಯನ್ನು ಆರಂಭವೆಂದು ತೆಗೆದುಕೊಳ್ಳಿ. ಸುಮಾರು 8 ಕಿಲೋಹರ್ಟ್ಸ್‌ನಿಂದ ಮೇಲೆ ಮಾತ್ರ ಅದನ್ನು ಕುರುಡಾಗಿ ನಂಬಬೇಡಿ, ಏಕೆಂದರೆ ಅಲ್ಲಿನ ಏರಿಳಿತಗಳು ನಿಮ್ಮ ಕಿವಿಯ ಆಕಾರ ಮತ್ತು ಹೆಡ್‌ಫೋನ್ ಕೂರುವ ಬಗೆಗೆ ತಕ್ಕಂತೆ ಬದಲಾಗುತ್ತವೆ.

ಕೈಯಾರೆ ತಿದ್ದುವುದನ್ನೂ ಕಲಿಯಿರಿ, ಅದು ಕಷ್ಟವಲ್ಲ. ಪ್ಯಾರಾಮೆಟ್ರಿಕ್ ಈಕ್ವಲೈಸರ್‌ನ ಒಂದು ಫಿಲ್ಟರ್‌ಗೆ ಮೂರೇ ಅಂಕಿಗಳು: ಯಾವ ಆವರ್ತನ, ಎಷ್ಟು ಡೆಸಿಬೆಲ್, ಎಷ್ಟು ಅಗಲ. ಅಗಲವನ್ನು ಕ್ಯೂ ಎಂಬ ಅಂಕಿ ಹೇಳುತ್ತದೆ, ಅದು ಹೆಚ್ಚಿದಷ್ಟೂ ಫಿಲ್ಟರ್ ಕಿರಿದಾಗುತ್ತದೆ. ನನ್ನ ಈಗಿನ ಹೆಡ್‌ಫೋನ್‌ನಲ್ಲಿ ಹಾಡುಗಾರ್ತಿಯರ ‘ಸ’, ‘ಶ’, ‘ಚ’ ಅಕ್ಷರಗಳು ಸೂಜಿಯಂತೆ ಚುಚ್ಚುತ್ತಿದ್ದವು. ಕ್ಯೂ 4 ಇಟ್ಟುಕೊಂಡು 6 ಡೆಸಿಬೆಲ್ ಇಳಿಸುವ ಒಂದೇ ಫಿಲ್ಟರ್ ಮಾಡಿ, ಅದನ್ನು 5 ಕಿಲೋಹರ್ಟ್ಸ್‌ನಿಂದ ನಿಧಾನವಾಗಿ ಮೇಲಕ್ಕೆ ಸರಿಸುತ್ತ ಹೋದೆ. 6.3ರ ಹತ್ತಿರ ಬಂದಾಗ ಚುಚ್ಚು ನಿಂತಿತು, ‘ಸ’ ಬರಿಯ ‘ಸ’ ಆಯಿತು. 6 ಡೆಸಿಬೆಲ್ ಇಳಿಸಿದ್ದು ತುಸು ಹೆಚ್ಚಾಗಿ ದನಿ ಮಂಕಾದಂತೆ ಕಂಡದ್ದರಿಂದ 4ಕ್ಕೆ ನಿಲ್ಲಿಸಿದೆ. ಒಟ್ಟು ಹದಿನೈದು ನಿಮಿಷದ ಕೆಲಸ.

ಬೇಸ್ ಹೆಚ್ಚಿಸುವಾಗ ಒಂದು ಎಚ್ಚರ ಬೇಕು. 60 ಹರ್ಟ್ಸ್ ಸುತ್ತ 6 ಡೆಸಿಬೆಲ್ ಏರಿಸಿದರೆ ಡಿಜಿಟಲ್ ಸಂಕೇತ ತನ್ನ ಮೇಲ್ಮಿತಿಯನ್ನು ಮೀರಿ ಒಡೆದ ಸದ್ದು ಬರುತ್ತದೆ, ಅದನ್ನು ತಡೆಯಲು ಪ್ರೀಆಂಪ್ ಎಂಬ ಕಡೆ ಒಟ್ಟು ಮಟ್ಟವನ್ನು ಅಷ್ಟೇ, ಅಂದರೆ 6 ಡೆಸಿಬೆಲ್, ಇಳಿಸಬೇಕು. ಇಳಿಸಿದ ಕೂಡಲೇ ಹಾಡೆಲ್ಲ ಮೆಲ್ಲಗಾಗುವುದರಿಂದ ಈಕ್ವಲೈಸರ್ ನಾದವನ್ನು ಕೆಡಿಸಿತೆಂದು ಅನೇಕರು ಅದನ್ನು ತೆಗೆದುಹಾಕುತ್ತಾರೆ. ತೆಗೆಯಬೇಡಿ, ವಾಲ್ಯೂಮ್ ಏರಿಸಿ, ಎರಡೂ ಸಮ ಮಟ್ಟಕ್ಕೆ ಬಂದ ಮೇಲೆ ತೀರ್ಮಾನಿಸಿ.

ಆಂಪ್‌ನ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಈ ಹಂತದಲ್ಲೇ. ಮೇಲಿನ ಲೆಕ್ಕದಿಂದ 6 ಕಳೆಯಿರಿ. 32 ಓಮ್‌ನದಕ್ಕೆ 105, 80 ಓಮ್‌ನದಕ್ಕೆ 101, 250 ಓಮ್‌ನದಕ್ಕೆ 96 ಉಳಿಯುತ್ತದೆ. ಮೊದಲಿನ ಎರಡಕ್ಕೆ ಇನ್ನೂ ಜಾಗವಿದೆ, ಮೂರನೆಯದು ಮೆಲ್ಲಗಿನ ಧ್ವನಿಮುದ್ರಣಗಳಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದೆ ಹೋಗಬಹುದು. ಆದ್ದರಿಂದ 250 ಓಮ್‌ನದನ್ನು ಕೊಂಡರೆ ಆಂಪ್‌ನ ಖರ್ಚನ್ನೂ ಸೇರಿಸಿಕೊಂಡೇ ಅದರ ಬೆಲೆಯನ್ನು ಎಣಿಸಬೇಕು, ಅಷ್ಟು ಹಣಕ್ಕೆ ತಕ್ಕ ಲಾಭ ಅದರಲ್ಲಿ ನನಗೆ ಕಾಣುವುದಿಲ್ಲ.

ಸದ್ದು ಎಷ್ಟು ಸಿಗುತ್ತದೆ ಎಂಬುದು ಎಷ್ಟು ಕೇಳಬೇಕು ಎಂಬುದಕ್ಕೆ ಅಳತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಮಿತಿ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹಾಳಾದ ಶ್ರವಣಶಕ್ತಿ ಮರಳಿ ಬಾರದು, ದಯವಿಟ್ಟು ಇದನ್ನು ನೆನಪಿಡಿ.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ 80 ಓಮ್‌ನದನ್ನು ಕೊಳ್ಳುತ್ತಿದ್ದೆ, ಫೋನಿನಲ್ಲೇ ಹೆಚ್ಚು ಕೇಳುವುದಾದರೆ 32 ಓಮ್‌ನದನ್ನು. ಆ ಹೆಡ್‌ಫೋನ್‌ನ ಟ್ರೆಬಲ್ ತುಸು ತೀಕ್ಷ್ಣವಾದದ್ದರಿಂದ ನಾನು ‘ಸ’ಕಾರಕ್ಕೆ ಮಾಡಿದ ಪ್ರಯೋಗವನ್ನು ನೀವೂ ಮೊದಲ ವಾರವೇ ಮಾಡಬೇಕಾಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಜ್ಯಾಕ್‌ನಲ್ಲಿ ಹಿನ್ನೆಲೆಯ ಸುಯ್ ಸದ್ದು ಕೇಳಿಸಿದರೆ ಮಾತ್ರ ಒಂದು ಡಾಂಗಲ್ ತೆಗೆದುಕೊಳ್ಳಿ. ಹಣ ಏನಾದರೂ ಉಳಿದರೆ ಎತ್ತಿಟ್ಟು, ಪ್ಯಾಡ್ ಗಟ್ಟಿಯಾದ ದಿನ ಹೊಸ ಜೋಡಿ ತರಿಸಿಕೊಳ್ಳಿ.