‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ಬರೆದಿದ್ದೆ. ಗೆಳೆಯರೊಬ್ಬರು ‘ಸಿನ್ಸ್’ ತೆಗೆದು ‘ಫಾರ್’ ಹಾಕಿ ಎಂದರು. ‘ಐದು ವರ್ಷದಿಂದ’ ಅನ್ನೋದಕ್ಕೆ ‘ಸಿನ್ಸ್’ ಅಲ್ವಾ ಸರ್? ಇದೇ ಪದಕ್ಕೆ ‘ಏಕೆಂದರೆ’ ಎಂಬ ಅರ್ಥವೂ ಇದೆಯಂತೆ, ನಿಜವೇ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಆದರೆ ಆ ವಾಕ್ಯದಲ್ಲಿ ಇನ್ನೊಂದು ತಪ್ಪೂ ಇದೆ.

ಮೊದಲು ‘ಸಿನ್ಸ್’ ವಿಷಯ. ಕನ್ನಡದಲ್ಲಿ ‘2019ರಿಂದ ಇಲ್ಲಿದ್ದೇನೆ’ ಅಂತೀವಿ, ‘ಐದು ವರ್ಷದಿಂದ ಇಲ್ಲಿದ್ದೇನೆ’ ಅಂತಲೂ ಅಂತೀವಿ. ಎರಡಕ್ಕೂ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಹಾಗಲ್ಲ. ಯಾವಾಗ ಶುರುವಾಯಿತು ಎಂದು ಹೇಳುವಾಗ ‘ಸಿನ್ಸ್’: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ಚೈಲ್ಡ್‌ಹುಡ್. ಎಷ್ಟು ಕಾಲವಾಯಿತು ಎಂದು ಹೇಳುವಾಗ ‘ಫಾರ್’: ಫಾರ್ ಫೈವ್ ಇಯರ್ಸ್, ಫಾರ್ ಎ ಲಾಂಗ್ ಟೈಮ್.

ಎರಡನೆಯ ತಪ್ಪು ಕ್ರಿಯಾಪದದ್ದು. ನನ್ನ ಪ್ರಕಾರ ಜಾಸ್ತಿ ಗಮನ ಕೊಡಬೇಕಾದ್ದು ಇದಕ್ಕೇ. ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಕೆಲಸಕ್ಕೆ ‘ಆ್ಯಮ್ ವರ್ಕಿಂಗ್’ ಸಾಲದು, ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಅಂದರೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಅವಸರದಲ್ಲಿ ‘ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಅಂತ ಬರೆದುಬಿಟ್ಟೀರಿ! ಓದಿದವರು ನೀವು ಆ ಕೆಲಸ ಬಿಟ್ಟಾಗಿದೆ ಅಂದುಕೊಳ್ಳುತ್ತಾರೆ.

‘ಇಟ್ ಈಸ್ ಫೈವ್ ಇಯರ್ಸ್ ಸಿನ್ಸ್ ಐ ಜಾಯಿನ್ಡ್’ ಎಂಬ ವಾಕ್ಯ ಕಂಡರೆ ಗಾಬರಿಯಾಗಬೇಡಿ. ಅದು ಸರಿಯಾಗಿಯೇ ಇದೆ. ಅಲ್ಲಿ ‘ಸಿನ್ಸ್’ ಸೇರಿರುವುದು ಐದು ವರ್ಷಕ್ಕಲ್ಲ, ‘ಐ ಜಾಯಿನ್ಡ್’ಗೆ. ನೀವು ಕೆಲಸಕ್ಕೆ ಸೇರಿದ ದಿನವೇ ಶುರುವಿನ ಗುರುತು.

ಇನ್ನು ‘ಏಕೆಂದರೆ’ ಅರ್ಥ. ಹೌದು, ಇದೆ. ‘ಸಿನ್ಸ್ ಇಟ್ ವಾಸ್ ರೇನಿಂಗ್, ವಿ ಸ್ಟೇಡ್ ಅಟ್ ಹೋಮ್’ ಅಂದರೆ ಮಳೆ ಬರ್ತಿದ್ದರಿಂದ ಮನೆಯಲ್ಲೇ ಉಳಿದೆವು ಅಂತ. ಈ ಪದದ ಹಳೆಯ ರೂಪಕ್ಕೆ ‘ಆಮೇಲೆ’ ಎಂಬ ಅರ್ಥವಿತ್ತು. ಕಾರಣದ ಅರ್ಥ ಅದರಿಂದಲೇ ಬೆಳೆಯಿತು. ನಮ್ಮ ‘ಮೇಲೆ’ ಕೂಡ ಹಾಗೇ ಅಲ್ವಾ? ‘ಊಟವಾದ ಮೇಲೆ ಬಾ’ ಅನ್ನುವಾಗ ಅದು ಕಾಲ. ‘ನೀವು ಇಷ್ಟು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?’ ಅನ್ನುವಾಗ ಕಾರಣ.

ಕೆಲವೊಮ್ಮೆ ಎರಡೂ ಅರ್ಥ ಒಟ್ಟಿಗೆ ಬಂದು ಗೊಂದಲವಾಗುತ್ತದೆ. ‘ಸಿನ್ಸ್ ಶಿ ಲೆಫ್ಟ್, ಐ ಹ್ಯಾವ್ ಬೀನ್ ಕುಕಿಂಗ್’ ಅಂದರೆ ಅವಳು ಹೋದಾಗಿನಿಂದಲೋ, ಹೋದದ್ದರಿಂದಲೋ? ಕಾರಣವನ್ನೇ ಹೇಳಬೇಕಿದ್ದರೆ ಇಂಥಲ್ಲಿ ‘ಬಿಕಾಸ್’ ಹಾಕಿ. ಹಾಗೇ, ಯಾರಾದರೂ ‘ವೈ?’ ಎಂದು ಕೇಳಿದಾಗಲೂ ಉತ್ತರವನ್ನು ‘ಬಿಕಾಸ್’ನಿಂದಲೇ ಶುರು ಮಾಡಿ. ಅಲ್ಲಿ ‘ಸಿನ್ಸ್’ ನಡೆಯುವುದಿಲ್ಲ.